ಹಿಂದಿನೋರು ಪರಿಸರ ಉಳಿಸಿದ್ರು, ನಾವು ಹಾಳ್ ಮಾಡಿದ್ವಿ ಅನ್ನೋದು ಎಷ್ಟು ನಿಜ? ದುರ್ಗ-ದಾವಣಗೆರೆ ಕಡೆಯೋರು ಹೇಳಿ

ಏಳುಸುತ್ತು (ಚಿತ್ರದುರ್ಗ)

ನಮ್ ಫ್ಯಾಮಿಲಿ ಗ್ರೂಪಲ್ಲಿ ವಾರಕ್ಕೊಂದ್ಸಲನಾದ್ರೂ ಇದೇ ಫಾರ್ವರ್ಡ್ ಬರುತ್ತೆ. ಹಿರಿಯರು ಕೆರೆ, ಮರ, ಹಾವು ಎಲ್ಲಾನೂ ದೇವರು ಅಂತಿದ್ರು ಅದಕ್ಕೇ ಪರಿಸರ ಚೆನ್ನಾಗಿತ್ತು, ಈಗಿನೋರು ದುಡ್ಡಿನ ಹಿಂದೆ ಬಿದ್ದು ಹಾಳ್ ಮಾಡಿದ್ರು, ಕೆಳಗೊಂದು ಆಲದಮರದ ಫೋಟೊ. ಓದಿದಾಗೆಲ್ಲಾ ಒಂದು ಡೌಟ್ ಬರುತ್ತೆ. ಪೂಜೆ ಈಗ್ಲೂ ನಿಂತಿಲ್ವಲ್ಲ? ಕೆರೆ ತುಂಬಿದ್ರೆ ಬಾಗಿನ ಬಿಡೋಕೆ ಎಮ್ಮೆಲ್ಲೆ, ಸ್ವಾಮಿಗಳು, ಬ್ಯಾಂಡ್‌ಸೆಟ್ ಎಲ್ಲಾ ಬರ್ತಾರೆ. ಪೂಜೆ ಹಂಗೇ ಇದ್ದು ಕೆರೆ ಮಾತ್ರ ಹಾಳಾಗಿದ್ರೆ ಬದಲಾಗಿದ್ದು ಬೇರೆ ಏನೋ ಇರ್ಬೇಕು, ಅದು ಏನು ಅಂತ.

ನಮ್ ದುರ್ಗದ ಕೋಟೆ ಮೇಲೆ ನೋಡಿ, ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಹೆಚ್ಚಿನ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಅದೂ ತುಂಬಿದ್ರೆ ಕೆಳಗೆ ಊರೊಳಗಿನ ಸಂತೆಹೊಂಡಕ್ಕೆ. ಬರೀ ಬಂಡೆ ಇರೋ ಗುಡ್ಡದ ಮೇಲೆ ಪಂಪಿಲ್ದೆ ಇಷ್ಟು ಮಾಡಿದಾರೆ. ಆದ್ರೆ ಅದನ್ನ ಮಾಡಿದ್ದು ಪ್ರಕೃತಿ ಪ್ರೇಮಕ್ಕಾ? ಶತ್ರು ಬಂದು ತಿಂಗಳುಗಟ್ಲೆ ಮುತ್ತಿಗೆ ಹಾಕಿದ್ರೆ ಕುಡಿಯೋಕೆ ನೀರು ಬೇಕಿತ್ತು ಅಷ್ಟೇ ಅಂತ ನನ್ ಲೆಕ್ಕ. ನೀವೇನಂತೀರಾ?

ಖಾಲಿದೋಸೆ (ದಾವಣಗೆರೆ)

ಬಂದ್ರಪ್ಪ ಬೆಳಿಗ್ಗೆ ಬೆಳಿಗ್ಗೆ. ದೋಸೆ ತಿನ್ನಾಕ ಬಿಡ್ರಿ ಮೊದ್ಲು.

ಕರ್ಡದಹುಲ್ಲು (ಚಳ್ಳಕೆರೆ)

ಏಳುಸುತ್ತು ಅವ್ರೆ ನಿಮ್ ಮಾತು ನಮ್ ಕಡೆಗೆ ಇನ್ನೂ ಚೆನ್ನಾಗಿ ಒಪ್ಪುತ್ತೆ. ಅಮೃತಮಹಲ್ ಕಾವಲು ಕೇಳಿದೀರಲ್ಲ, ಚಳ್ಳಕೆರೆ ಸುತ್ತಮುತ್ತ ಸಾವಿರಾರು ಎಕರೆ ಹುಲ್ಲುಗಾವಲು. ಅದನ್ನ ಕಾಪಾಡಿಕೊಂಡು ಬಂದಿದ್ದು ಕೃಷ್ಣಮೃಗಕ್ಕೋ ಎರ್ಲಡ್ಡು ಹಕ್ಕಿಗೋ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿ, ಅರಮನೆಗೆ ಹಾಲು ಬೆಣ್ಣೆ. ಆಮೇಲೆ ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ, ಮದ್ದುಗುಂಡು ಎಳೆಯೋಕೆ ಎತ್ತು ಬೇಕಾದ್ವು, ಅಮೃತಮಹಲ್ ಅಂತ ಹೆಸರು ಬಿತ್ತು. ಯುದ್ಧದ ಎತ್ತಿಗೆ ಮೇವು ಬೇಕು ಅಂತ ಬೇಸಾಯ ಮಾಡೋಕೆ ಬಿಡ್ಲಿಲ್ಲ, ಆ ಸಾಲಲ್ಲಿ ಕೃಷ್ಣಮೃಗ, ತೋಳ, ಎರ್ಲಡ್ಡು ಎಲ್ಲಾ ಬದುಕಿಕೊಂಡ್ವು.

ಈಗ ಫಿರಂಗಿ ಎಳೆಯೋಕೆ ಎತ್ತು ಬೇಡ, ಸೋ ಕಾವಲೂ ಬೇಡ. ಸರ್ಕಾರಿ ಕಾಗದದಲ್ಲಿ ಅದು ಖಾಲಿ ಜಾಗ ಆಗೋಯ್ತು. ಕುದಾಪುರ, ವರವು, ಉಳ್ಳಾರ್ತಿ ಕಾವಲಲ್ಲಿ ಡಿಆರ್‌ಡಿಓ, ಇಸ್ರೋ, ಐಐಎಸ್‌ಸಿ, ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ಎಲ್ಲಾ ಸೇರಿ ಹತ್ತತ್ರ 10,000 ಎಕರೆ, ಹಸಿರು ನ್ಯಾಯಮಂಡಳಿ ತನಕ ಕೇಸು ಹೋಯ್ತು. ಕುರಿ ಮೇಯಿಸೋರಿಗೆ ಗೋಡೆ ಕಟ್ಟಿದ ಮೇಲೇನೇ ಗೊತ್ತಾಗಿದ್ದು. ಖಾಲಿ ಅಂತೆ! ಕುರಿ ಉಣ್ಣೆ, ಕಂಬಳಿ ನೇಯೋ ಮನೆಗಳು, ಮ್ಯಾಸಬೇಡರ ದೇವರ ಎತ್ತು, ಗೊಲ್ಲರಹಟ್ಟಿ ದನ ಎಲ್ಲಾ ಆ ಖಾಲಿ ಜಾಗದ ಮೇಲೇನೇ ಬದುಕಿದ್ದು.

ಹಿಸ್ಟ್ರಿಮೇಷ್ಟ್ರು (ದಾವಣಗೆರೆ)

ಒಳ್ಳೆ ಥ್ರೆಡ್. ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ಬೇಜಾರ್ ಮಾಡ್ಕೋಬೇಡಿ, ಕ್ಲಾಸ್ ತಗೊಳೋ ಚಟ.

ಬಳ್ಳಾರಿ ಹತ್ರ ಕುಡತಿನಿ ಬೂದಿಗುಡ್ಡ ನೋಡಿದೀರಾ? ನವಶಿಲಾಯುಗದ ದನಗಾಹಿಗಳು ಸಗಣಿ ಗುಡ್ಡೆ ಹಾಕಿ ಹಾಕಿ ಸುಟ್ಟಿದ್ದು, 4000 ವರ್ಷಕ್ಕಿಂತ ಹಳೇದು. ಅದೇ ಕಾಲದ ಥರದ ಜನ ನಮ್ ಮೊಳಕಾಲ್ಮೂರಿನ ಬ್ರಹ್ಮಗಿರೀಲೂ ಇದ್ರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ನುಣುಪು ಮಾಡಿದ ಕಲ್ಲುಕೊಡಲಿ ಸಿಕ್ಕಿದಾವೆ. ಕೊಡಲಿ ಅಂದ್ರೆ ಮರ ಕಡಿಯೋಕೇ ತಾನೆ. ಅಂದ್ರೆ ಈ ಬಯಲುಸೀಮೆ ಹಿಂಗೆ ಬಯಲಾಗಿರೋದಕ್ಕೆ ಕಮ್ಮಿ ಮಳೆ ಒಂದೇ ಕಾರಣ ಅಲ್ಲ, ದನ, ಬೆಂಕಿ, ಕೊಡಲಿ ಇವುಗಳ ಪಾಲೂ ಐತೆ. ಮನುಷ್ಯ ಮುಟ್ಟದೇ ಇರೋ ಪ್ರಕೃತಿ ನಮ್ ಕಡೆ ಸಾವಿರಾರು ವರ್ಷದಿಂದ ಇಲ್ಲ.

ಅದೇ ಬ್ರಹ್ಮಗಿರೀಲಿ ಅಶೋಕನ ಶಾಸನ, ಪ್ರಾಣಿಗಳ ಮೇಲೆ ದಯೆ ಇರ್ಲಿ ಅಂತ ಕಲ್ಲಲ್ಲಿ ಕೆತ್ತಿಸಿದ್ದು. ಎಲ್ರೂ ದಯೆ ತೋರಿಸ್ತಾನೇ ಇದ್ದಿದ್ರೆ ರಾಜ ಬಂಡೆ ಮೇಲೆ ಬರೆಸೋ ಅಗತ್ಯ ಏನಿತ್ತು ಹೇಳಿ. ಆಮೇಲೆ ಚಂದ್ರವಳ್ಳೀಲಿ ಕದಂಬ ಮಯೂರಶರ್ಮನ ಶಾಸನ, 4ನೇ ಶತಮಾನ, ಅದರಲ್ಲಿ ಕೆರೆ ಕಟ್ಟಿಸಿದ ವಿಷಯ ಐತೆ. ಆಗ್ಲಿಂದ ನಮ್ ಕಡೆ ರಾಜ ಅನ್ನಿಸ್ಕೋಬೇಕು ಅಂದ್ರೆ ಕೆರೆ ಕಟ್ಟಿಸ್ಬೇಕು. ಪಾಳೇಗಾರರು, ಸೆಟ್ಟರು, ಸೂಳೆಯರು ಕೂಡ ಕಟ್ಟಿಸಿದಾರೆ. ಕಟ್ಟಿಸಿದೋರಿಗೆ ಭೂಮಿ, ಅದನ್ನ ಕಟ್ಟುಕೊಡಗೆ ಅಂತಿದ್ರು, ರಿಪೇರಿ ಖರ್ಚಿಗೆ ಗದ್ದೆಯಿಂದ ಬಿತ್ತುವಟ್ಟ ಅಂತ ಒಂದು ಪಾಲು. ಪುಣ್ಯಾನೂ ಬರ್ತಿತ್ತು, ಆದಾಯಾನೂ ಬರ್ತಿತ್ತು.

ನೀರ್ಗಂಟಿ_ಮೊಮ್ಮಗ (ಹೊಳಲ್ಕೆರೆ ಕಡೆ)

ಮೇಷ್ಟ್ರು ಶಾಸನ ಹೇಳಿದ್ರು, ನಾನು ಕಂಡಿದ್ದು ಹೇಳ್ತೀನಿ. ನಮ್ಮಜ್ಜ ನೀರುಗಂಟಿ. ತೂಬಿನ ಎರಡು ಕಲ್ಲುಕಂಬದ ಮಧ್ಯೆ ಒಂದು ಉದ್ದನೆ ಮರದ ಕೊಂತ, ತುದೀಲಿ ಬೆಣೆ, ಅದನ್ನ ಎತ್ತಿದ್ರೆ ಕೆಳಗಿನ ತೂತಿಂದ ನೀರು ಕಾಲುವೆಗೆ. ಕೆರೆ ಒಳಗೆ ಇಳಿದು ಕೊಂತ ಹಿಡಿಯೋದು ಅಜ್ಜನ ಕೆಲಸ, ಚಳೀಲೂ ಸೈ. ಯಾವ ಗದ್ದೆಗೆ ಯಾವಾಗ ಎಷ್ಟೊತ್ತು ಅಂತ ಲೆಕ್ಕ ಅಜ್ಜನ ತಲೇಲಿ ಇರ್ತಿತ್ತು, ಅಜ್ಜನ್ನ ಬಿಟ್ಟು ಬೇರೆ ಯಾರೂ, ಗೌಡನೂ ಗುದ್ದಲಿ ಹಿಡಿದು ಮಡೆ ತಿರುಗಿಸಂಗಿಲ್ಲ. ಸುಗ್ಗೀಲಿ ಗದ್ದೆಗಿಷ್ಟು ಅಂತ ಸಿವುಡು ಬರೋದು, ಸಂಬಳ ಅಂತೇನಿಲ್ಲ.

ಕೆರೆ ಮುಕ್ಕಾಲು ತುಂಬಿದ್ರೆ ಭತ್ತ, ಅರ್ಧ ಆದ್ರೆ ರಾಗಿ, ಅದಕ್ಕೂ ಕಮ್ಮಿ ಆದ್ರೆ ಕೆರೆ ನೀರು ದನಕ್ಕೆ ಮಾತ್ರ, ಗದ್ದೆ ಬೀಳು. ಇದು ಊರೋರೆಲ್ಲ ಏರಿ ಮೇಲೆ ನಿಂತು ನೀರು ನೋಡಿ ಮಾಡ್ತಿದ್ದ ತೀರ್ಮಾನ. ಬೇಸಿಗೇಲಿ ಕೆರೆ ಬತ್ತಿದಾಗ ಗೋಡುಮಣ್ಣು ಗಾಡೀಲಿ ತುಂಬ್ಕೊಂಡು ಹೊಲಕ್ಕೆ ಹಾಕೋರು, ಅದೇ ಗೊಬ್ಬರ. ಹೊಲಕ್ಕೆ ಮಣ್ಣೂ ಆಯ್ತು ಕೆರೆ ಹೂಳೂ ಹೋಯ್ತು. ಯೂರಿಯಾ ಮೂಟೆ ಬಂದ ಮೇಲೆ ಗಾಡಿ ಕಟ್ಟೋರು ಯಾರು, ಹೂಳು ಅಲ್ಲೇ ಉಳೀತು, ಅದರ ಮೇಲೆ ಬಳ್ಳಾರಿ ಜಾಲಿ ಬೆಳೀತು, ಈಗ ನಮ್ ಕೆರೆ ಒಳಗೆ ಹಂದಿ ಹೊಕ್ಕರೆ ಕಾಣಲ್ಲ.

ಅಡಿಕೆ_ತ್ವಾಟ (ಚನ್ನಗಿರಿ)

ಎಲ್ಲಾ ಸರಿ, ಆದ್ರ ಈ ಊರೋರೆಲ್ಲ ಸೇರಿ ತೀರ್ಮಾನ ಅನ್ನೋ ಮಾತು ಸ್ವಲ್ಪ ನಿಲ್ಸಿ. ಊರೋರೆಲ್ಲ ಅಂದ್ರ ಯಾರು? ತೂಬಿನ ಬುಡಕ್ಕ ಗದ್ದಿ ಇದ್ದೋರು ಯಾರು, ಕಾಲುವಿ ಕೊನಿಗೆ ಇದ್ದೋರು ಯಾರು? ನಿಮ್ಮಜ್ಜ ಗೌಡನ ಗದ್ದಿಗೆ ಮೊದ್ಲು ನೀರು ಬಿಡ್ತಿದ್ನೋ ಇಲ್ವೋ ಎದಿ ಮುಟ್ಟಿ ಹೇಳ್ರಿ. ನಮ್ಮಪ್ಪಂಗೆ ಎರಡು ಎಕರೆ ಖುಷ್ಕಿ, ಕೆರಿ ನೀರು ಹತ್ತತಿದ್ದಿಲ್ಲ. ಬೋರ್ ಬಂದ ಮ್ಯಾಲೇನೇ ನಮ್ಮನಿ ಮೂರು ಹೊತ್ತು ಉಂಡಿದ್ದು. ಯಾರ ಮನಿ ಬಾಗಿಲಿಗೂ ನಿಲ್ಲದಂಗೆ ನೀರು ಕೊಟ್ಟಿದ್ದು ಬೋರು. ಅದನ್ನ ಬೈಯ್ಯೋರು ಕೆರಿ ಕೆಳಗ ಗದ್ದಿ ಇದ್ದೋರ ಮಕ್ಕಳೇ ಇರ್ತಾರ, ನೋಡ್ಕಂಡು ಬಂದೀನಿ.

ನೀರ್ಗಂಟಿ_ಮೊಮ್ಮಗ

ಎದೆ ಮುಟ್ಟಿಕೊಂಡೇ ಹೇಳ್ತೀನಿ, ಬಿಡ್ತಿದ್ರು. ಇನ್ನೊಂದು ಹೇಳ್ಲಾ? ಊರಿಗೆಲ್ಲ ನೀರು ಹಂಚ್ತಿದ್ದ ನಮ್ಮಜ್ಜ ಊರ ಬಾವಿ ಹಗ್ಗ ಮುಟ್ಟೋ ಹಂಗಿರ್ಲಿಲ್ಲ. ನಮ್ ಕೇರಿ ಹೆಣ್ಮಕ್ಕಳು ಬಾವಿಕಟ್ಟೆ ಕೆಳಗೆ ಕೊಡ ಇಟ್ಟು ಯಾರಾದ್ರೂ ಹುಯ್ಯಲಿ ಅಂತ ಕಾಯ್ತಾ ಕೂತಿರೋರು. ಹಳೇ ಕಾಲ ಚೆನ್ನಾಗಿತ್ತು ಅಂತ ನಾನ್ಯಾಕೆ ಹೇಳ್ಲಿ ಅಣ್ಣ. ಕೆರೆ ಎಷ್ಟಿದೆ ಅಂತ ಎಲ್ರಿಗೂ ಕಾಣ್ತಿತ್ತು ಅಂತಷ್ಟೇ ನಾನು ಹೇಳಿದ್ದು. ನಿಮ್ ಬೋರ್ ಕೆಳಗೆ ಇನ್ನೆಷ್ಟಿದೆ ಅಂತ ನಿಮಗೆ ಗೊತ್ತಾ?

ಖಾಲಿದೋಸೆ

ದೋಸೆ ಮುಗೀತು. ನೀರ್ಗಂಟಿ ಅಣ್ಣನ ಕಡೆ ಪ್ಲಸ್ ಒಂದು.

ಏಳುಸುತ್ತು

ಇದೇ ಕಣ್ರಿ ನಾನು ಹುಡುಕ್ತಿದ್ದಿದ್ದು. ಒಂದು ಲೋಟಕ್ಕೆ ನೂರು ಜನ ಸ್ಟ್ರಾ ಹಾಕಿ ಕೂತಂಗೆ, ಲೋಟದ ಒಳಗೆ ಯಾರಿಗೂ ಕಾಣಲ್ಲ, ನಾನು ಬಿಟ್ರೆ ಪಕ್ಕದೋನು ಕುಡೀತಾನೆ. ಮೇಲಿಂದ 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ. ಆಸೆ ನಮ್ ತಾತಂಗೂ ಇತ್ತು ನಮಗೂ ಐತೆ. ತಾತನ ಕಪಿಲೆ ಬಾವೀಲಿ ಎರಡು ಎತ್ತು ಸುಸ್ತಾದ್ರೆ ಆಸೆನೂ ನಿಲ್ಲೋದು, ಮೋಟರ್ ಸುಸ್ತಾಗಲ್ಲ.

ಕೊಡಪಾನ (ಜಗಳೂರು)

ಫ್ರೀ ಕರೆಂಟು ಸರಿ, ನಮ್ ಕಡಿಗೆ ಅದು ಬರೋದು ರಾತ್ರಿ. ಇರ್ಲಿ, ನಾನು ಕುಡಿಯೋ ನೀರಿನ ಮಾತಾಡ್ತೀನಿ. ನಾನು ಸಣ್ಣೋಳಿದ್ದಾಗ ಸೇದೋ ಬಾವಿ, ಆಮೇಲೆ ಕೈಪಂಪು, ಆಮೇಲೆ ಬೋರು, ಮಿನಿ ಟ್ಯಾಂಕು, ಈಗ ಶುದ್ಧ ನೀರಿನ ಘಟಕ, ಕಾಯಿನ್ ಹಾಕಿ ಕ್ಯಾನ್ ತುಂಬ್ಸೋದು. ಒಂದೇ ಜೀವನದಲ್ಲಿ ಇಷ್ಟು. ಬಾವಿ ನೀರು ಮೇಲಿನ ನೀರು, ಮಳಿಗಾಲದಲ್ಲಿ ಬಗ್ಗಿದ್ರೆ ಕಾಣೋದು. ಬೋರು ಆಳ ಹೋದಂಗೆ ಕಲ್ಲಿನ ಸಂದಿ ನೀರು ಅದು, ಗ್ರಾನೈಟ್ ಒಳಗಿನ ಫ್ಲೋರೈಡ್ ಕರಗಿರ್ತೈತಿ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಹಲ್ಲು ಕಂದು, ಇನ್ನೂ ಜಾಸ್ತಿ ಆದ್ರೆ ಮೂಳಿ ಸೆಟೆದು ಮಂಡಿ ಮಡಚಾಕ ಬರಂಗಿಲ್ಲ. ನಮ್ ಓಣಿ ಹುಡುಗ್ರ ಹಲ್ಲು ನೋಡಿದ್ರೆ ಯಾವ ವರ್ಷ ಬೋರ್ ಆಳ ಹೋತು ಅಂತ ಹೇಳಬೋದು, ಅಕ್ಕನ ಹಲ್ಲು ಬೆಳ್ಳಗೈತಿ, ತಮ್ಮಂದು ಪಟ್ಟೆಪಟ್ಟೆ.

ಆಮೇಲೆ ನೀರು ತರೋದು ಗಂಡಸರ ಕೆಲಸ ಆಗಿರ್ಲಿಲ್ಲ, ಬಾಳ ದಿನ ಅದೊಂದು ಬದಲಾಗ್ಲಿಲ್ಲ ನೋಡ್ರಿ. ಈಗೀಗ ಕ್ಯಾನು ಬೈಕ್ ಮ್ಯಾಲೆ ಬರ್ತಾವ, ಬೈಕ್ ಇರೋದಕ್ಕೆ ಗಂಡಸರು ತರ್ತಾರ.

ಹಿಸ್ಟ್ರಿಮೇಷ್ಟ್ರು

ಕೊಡಪಾನ ಅವ್ರೇ, ನೀವು ಪಾಠ ಮಾಡ್ಬೇಕು, ನಾನು ಕೂತ್ಕೊಂಡು ಕೇಳ್ಬೇಕು.

ಒಂದು ಕೊಂಡಿ ಸೇರಿಸ್ತೀನಿ. ಊರ ಕೆರೆ ಊರೋರ ಕೈಬಿಟ್ಟಿದ್ದು ಬೋರಿಗಿಂತ ಮುಂಚೇನೇ. 1876-78ರ ಬರ, ನಮ್ ಕಡೆ ಧಾತು ವರ್ಷದ ಬರ ಅಂತಾರೆ, ಮೈಸೂರು ಸಂಸ್ಥಾನದಲ್ಲಿ ಹತ್ತು ಲಕ್ಷದಷ್ಟು ಜನ ಹೋದ್ರು ಅಂತ ಲೆಕ್ಕ. ಪೆಸಿಫಿಕ್ ಸಮುದ್ರದ ಎಲ್ ನಿನೊ ಕಾರಣಕ್ಕೆ ಮಳೆ ಕೈಕೊಡ್ತು ಅಂತ ಈಗ ಗೊತ್ತು, ಆದ್ರೆ ಅಷ್ಟು ಜನ ಸತ್ತಿದ್ದು ಮಳೆ ಒಂದರಿಂದ ಅಲ್ಲ, ಕಂದಾಯ, ಧಾನ್ಯದ ರೇಟು, ಬ್ರಿಟಿಷರ ಆಡಳಿತ ಎಲ್ಲಾ ಸೇರಿ. ಆಮೇಲೆ ಸರ್ಕಾರಗಳ ತಲೆ ಸಣ್ಣ ಕೆರೆಯಿಂದ ದೊಡ್ಡ ಡ್ಯಾಂಗೆ ಹೋಯ್ತು. ನಮ್ ಮಾರಿಕಣಿವೆ ಅಂದ್ರೆ ವಾಣಿವಿಲಾಸ ಸಾಗರ ಆ ಕಾಲದ ಕೂಸು, 1907ರಲ್ಲಿ ಮುಗೀತು, 30 ಟಿಎಂಸಿ. ಮಹಾರಾಣಿ ಒಡವೆ ಮಾರಿ ಕಟ್ಟಿಸಿದ್ರು ಅನ್ನೋ ಕತೆ ಹಿರಿಯೂರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಆಮೇಲೆ 60ರ ದಶಕಕ್ಕೆ ಲಕ್ಕವಳ್ಳೀಲಿ ಭದ್ರಾ ಡ್ಯಾಂ, ದಾವಣಗೆರೆ ಸುತ್ತ ಜೋಳ ಹೋಗಿ ಭತ್ತ ಬಂತು. ನೀರು ಬಿಡೋ ತೀರ್ಮಾನ ಏರಿ ಮೇಲೆ ನಿಂತೋರ ಕೈಯಿಂದ ಆಫೀಸಿಗೆ ಹೋಯ್ತು. ಕೊನೇ ಭಾಗದ ರೈತರು ಈಗ್ಲೂ ಪ್ರತಿ ಬೇಸಿಗೆ ರಸ್ತೆ ಮೇಲೆ ಕೂರೋದು ಅದಕ್ಕೇ ತಾನೇ.

ಹಿನ್ನೀರು (ಹೊಸದುರ್ಗ)

ಮಾರಿಕಣಿವೆ ಮಾತು ಬಂತು ಅಂತ ಬಂದೆ. 1933ರಲ್ಲಿ ಒಂದ್ಸಲ ಕೋಡಿ ಬಿದ್ದಿದ್ದು, ಆಮೇಲೆ 89 ವರ್ಷ ಬೀಳ್ಲೇ ಇಲ್ಲ. ಆ ಧೈರ್ಯದ ಮೇಲೆ ಹಿನ್ನೀರಿನ ಜಾಗದಲ್ಲಿ ಜನ ತೋಟ ಮಾಡಿದ್ರು, ಮನೆ ಕಟ್ಟಿದ್ರು, ಮೂರು ತಲೆಮಾರು ನೀರೇ ನೋಡಿಲ್ಲ ಅಂದ್ರೆ ಯಾರು ಭಯ ಪಡ್ತಾರೆ. 2022ರಲ್ಲಿ 130 ಅಡಿ ಮುಟ್ಟಿ ಕೋಡಿ ಬಿತ್ತು. ಹಿರಿಯೂರೋರು ಕುಣಿದಾಡಿದ್ರು, ನಮ್ ಕಡೆ ಅಡಿಕೆ ಬುಡದಲ್ಲಿ ನೀರು ನಿಂತು ಬೇರು ಕೊಳೀತು. 2025ರ ಜನವರೀಲಿ ಇನ್ನೊಂದ್ಸಲ ಬಿತ್ತು. ಒಂದು ಊರಿನ ಬಾಗಿನ ಇನ್ನೊಂದು ಊರಿನ ಗೋಳು.

ಮತ್ತೆ ಮಳೆ ಒಂದೇ ಅಲ್ಲ, ಭದ್ರೆ ನೀರು ಪಂಪ್ ಮಾಡಿ ಅಜ್ಜಂಪುರ ಸುರಂಗದಿಂದ ವೇದಾವತಿಗೆ ಬಿಡ್ತಿದಾರೆ. ಬಾಬಾಬುಡನ್‌ಗಿರಿ ಕಡೆಯಿಂದ ತಾನಾಗಿ ಹರಿದು ಬರ್ತಿದ್ದ ಹೊಳೆಗೆ ಈಗ ಸ್ವಿಚ್ ಬಂದೈತೆ.

ಖಾಲಿದೋಸೆ

ನಮ್ದೂ ಒಂದು ಐತಿ. ದಾವಣಗೆರೆ ಕುಡಿಯೋದು ತುಂಗಭದ್ರಾ ಮತ್ತ ಭದ್ರಾ ಚಾನಲ್ ನೀರು, ಕುಂದವಾಡ ಕೆರಿಗೆ ತುಂಬ್ಸಿ ಅಲ್ಲಿಂದ ನಲ್ಲಿಗೆ. ವಾಕಿಂಗ್ ಹೋಗೋರಿಗೆ ಅದು ಪಾರ್ಕು, ಕೆರಿ ಪಕ್ಕ ಸೆಲ್ಫಿ ತಗಂತಾರ, ಅದೇ ನೀರು ನಾಳೆ ಮನಿ ನಲ್ಲೀಲಿ ಬರ್ತೈತಿ ಅಂತ ಎಷ್ಟು ಜನಕ್ಕ ಗೊತ್ತೋ ಏನೋ. ಏಳುಸುತ್ತು, ನಿಮ್ ದುರ್ಗಕ್ಕೂ ನಮ್ ಜಿಲ್ಲಾ ಸೂಳೆಕೆರಿ ನೀರೇ ಬರ್ತೈತಿ ತಾನ? ಕ್ವಾಟೆ ಮ್ಯಾಲೆ ಅಷ್ಟೊಂದು ಹೊಂಡ ಇಟ್ಕಂಡು ಚನ್ನಗಿರಿ ತಾಲ್ಲೂಕಿಗೆ ಕೈ ಚಾಚೀರಲ್ಲ 😄

ಏಳುಸುತ್ತು

ಸೂಳೆಕೆರೆ ಅರ್ಧ, ವಾಣಿವಿಲಾಸ ಅರ್ಧ ಅಂದ್ಕೊಳಿ. ಹೊಂಡ ಈಗ ಟೂರಿಸ್ಟ್‌ಗೆ. ನಾಚಿಕೆ ಆಗ್ತಿದೆ ಮಾರಾಯ ಬಿಡು.

ಕರ್ಡದಹುಲ್ಲು

ನೀರು ಬಿಟ್ಟು ಬೇರೆ ಮಾತಾಡೋಣ ಅಂದ್ರೆ ಎಲ್ಲಾ ನೀರಿಗೇ ಬರುತ್ತೆ. ಬೆಳೆ ಹೇಳ್ತೀನಿ. ನಮ್ ಹೊಲದಲ್ಲಿ ಅಕ್ಕಡಿ ಸಾಲು ಇತ್ತು, ನವಣೆ ಸಾವೆ ಮಧ್ಯೆ ತೊಗರಿ, ಅಲಸಂದೆ, ಅವರೆ, ಬದುವಿಗೆ ಹುಚ್ಚೆಳ್ಳು. ಆರಿದ್ರಾ ಮಳೆ ಕೈಕೊಟ್ರೆ ಒಂದು ಹೋಗೋದು, ಇನ್ನೊಂದು ಹುಬ್ಬೆ ಉತ್ತರೆಗೆ ಸುಧಾರಿಸ್ಕೊಳ್ಳೋದು. ಎಣ್ಣೆ ಮಿಲ್ಲು ಬಂದ್ವು, ಚಳ್ಳಕೆರೆ ಎಣ್ಣೆ ಊರಾಯ್ತು, ಹೊಲ ಪೂರ್ತಿ ಶೇಂಗಾ. ಎರಡು ವರ್ಷ ಲಾಟರಿ ಹೊಡೀತು, ಆಮೇಲೆ ಸತತ ಬರ, ಎಷ್ಟೋ ಮನೆ ಬೆಂಗಳೂರು ಗಾರೆ ಕೆಲಸಕ್ಕೆ. ಒಂದೇ ಬೆಳೆ ಅಂದ್ರೆ ಒಂದೇ ಮಳೆ ಮೇಲೆ ಬದುಕು.

ಖಾಲಿದೋಸೆ

ನಮ್ ಕಡಿಗೆ ಅದೇ ಕತಿ ಮೆಕ್ಕೆಜೋಳದ್ದು. ಅಮೆರಿಕದ ಸೈನಿಕ ಹುಳ ಇಂಡಿಯಾದಾಗ ಮೊದ್ಲು ಕಂಡಿದ್ದೇ ಪಕ್ಕದ ಶಿವಮೊಗ್ಗದಾಗ, 2018. ಹುಳಕ್ಕ ನಮ್ ಜಿಲ್ಲಾ ಪೂರ್ತಿ ಊಟದ ಮನಿ.

ಅಡಿಕೆ_ತ್ವಾಟ

ಗಣಿ ಬಗ್ಗೆ ಯಾರೂ ಎತ್ತಿಲ್ಲ ನೋಡ್ರಿ. ಭೀಮಸಮುದ್ರದ ಕಡೆ ನಮ್ ನೆಂಟ್ರ ತೋಟ, ಅದಿರು ಲಾರಿ ಓಡಾಡಿ ಅಡಿಕಿ ಗರಿ ಕೆಂಪಗಾಗಿದ್ವು, ಕೊನಿ ಇಳಿಸಿದ್ರ ಕೈಯೆಲ್ಲ ಕೆಂಪು. 2011ರಾಗ ಸುಪ್ರೀಂ ಕೋರ್ಟು ಬಳ್ಳಾರಿ ಆದ ಮ್ಯಾಲೆ ದುರ್ಗ, ತುಮಕೂರಿಗೂ ಗಣಿ ನಿಲ್ಸಿದಾಗ ಒಂದಿಷ್ಟು ದಿನ ಹಸಿರು ಕಂಡ್ವಿ. ಆ ಕಬ್ಬಿಣ ಎಲ್ಲಿಗೆ ಹೋತು, ಯಾರು ಕಾರ್ ಮಾಡ್ಕಂಡ್ರು, ನಮಗ ಗೊತ್ತಿಲ್ಲ. ಅವ್ರಿಗೂ ನಮ್ ಗರಿ ಗೊತ್ತಿಲ್ಲ. ರೈತಂಗೆ ಮಾತ್ರ ಎಲ್ರೂ ಪರಿಸರ ಪಾಠ ಹೇಳ್ತೀರಿ.

ಹಿಸ್ಟ್ರಿಮೇಷ್ಟ್ರು

ಅಡಿಕೆ ಅವ್ರ ಈ ಮಾತಿಗೆ ನಂದು ಪೂರ್ತಿ ಒಪ್ಪಿಗೆ. ಕಲ್ಲಿದ್ದಲು ಸುಡೋಕೆ ಶುರು ಮಾಡೋ ಮುಂಚೆ ಗಾಳೀಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280 ಪಾಲು ಇತ್ತು, ಈಗ 420 ದಾಟಿದೆ. ಅದರಲ್ಲಿ ಜಗಳೂರಿನ ಪಾಲು ಎಷ್ಟು, ಲಂಡನ್, ನ್ಯೂಯಾರ್ಕ್ ಪಾಲು ಎಷ್ಟು ಅಂತ ಯಾರಾದ್ರೂ ಊಹಿಸಬಹುದು. ಊರ ಕೆರೆ ಕಾಲದಲ್ಲಿ ನೀರು ಹಾಳು ಮಾಡಿದೋನು, ನೀರಿಲ್ದೆ ಸಾಯೋನು ಒಂದೇ ಸಂತೇಲಿ ಸಿಗ್ತಿದ್ರು, ಬೈಯ್ಯಬಹುದಿತ್ತು, ದಂಡ ಹಾಕಬಹುದಿತ್ತು. ಈಗ ಯಾರನ್ನ ಹುಡುಕ್ತೀರಾ? ಹಾಗಂತ ಈಗಿನ ಕಾಲ ಪೂರ್ತಿ ಕೆಟ್ಟದ್ದು ಅಂತಾನೂ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬರದೇ ಹೋಗಿದ್ರೆ ಬೇಟೆ ನಿಲ್ತಿರ್ಲಿಲ್ಲ, ನಿಮ್ ಜಗಳೂರಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗೆ (ನಾಲ್ಕು ಕೊಂಬಿನ ಜಿಂಕೆ ಥರದ ಪ್ರಾಣಿ) ಅಂತ ಅಭಯಾರಣ್ಯ ಆಗ್ತಿರ್ಲಿಲ್ಲ. ಯಾವ ರಾಜನೂ ಕೊಂಡುಕುರಿಗೆ ಅಂತ ಕಾಡು ಬಿಟ್ಟಿದ್ದಿಲ್ಲ, ಬಿಟ್ಟಿದ್ರೂ ಶಿಕಾರಿಗೆ.

ಕೊಡಪಾನ

ಮೇಷ್ಟ್ರೇ ಕೊಂಡುಕುರಿ ನಾನಂತೂ ನೋಡಿಲ್ಲ, ಬೋರ್ಡ್ ನೋಡೀನಿ 😀

ನಮ್ ತಾಲ್ಲೂಕಿನ 57 ಕೆರೆ ಕತೆ ಹೇಳಿ ಮುಗಿಸ್ತೀನಿ. ಹರಿಹರದ ಹತ್ರ ತುಂಗಭದ್ರೆಯಿಂದ ಪೈಪಲ್ಲಿ ನೀರು ತಂದು ಕೆರೆ ತುಂಬ್ಸೋ ಯೋಜನೆ, ಸಿರಿಗೆರೆ ಸ್ವಾಮಿಗಳು ಬೆನ್ನತ್ತಿ ಮಾಡಿಸಿದ್ದು. ನಮ್ ಕೆರೆಗೆ ನೀರು ಬಂದ ದಿನ ಮುದುಕೇರು ಅತ್ತುಬಿಟ್ರು. ಬತ್ತಿದ ಬೋರು ಉಕ್ಕಿದ್ವು, ಕೊಕ್ಕರೆ ಬಂದ್ವು, ಎಲ್ಲಾ ಖರೇ. ಮುಂದಿನ ಮುಂಗಾರು ಹೊತ್ತಿಗೆ ಕೆರೆ ಸುತ್ತ ಏನು ಬಂತು ಹೇಳ್ರಿ? ಅಡಿಕೆ ಸಸಿ. ಜಗಳೂರಲ್ಲಿ ಅಡಿಕೆ! ಹೊಳೆಯಿಂದ ಕರೆಂಟ್ ಸುಟ್ಟು ಮೇಲೆತ್ತಿದ ನೀರು, ಕುಡಿಯಾಕ ದನಕ್ಕ ಅಂತ ತಂದಿದ್ದು, ಕೆಳಗಿನಿಂದ ಬೋರು ಎಳ್ಕೊಂಡು ತೋಟಕ್ಕೆ. ಒಂದು ವರ್ಷ ಪಂಪ್ ಕೆಟ್ರೆ ಕೆರೆನೂ ಇಲ್ಲ, ತೋಟನೂ ಇಲ್ಲ, ಕುಡಿಯಾಕೂ ಇಲ್ಲ. ನಾವೊಂದಿಷ್ಟು ಹೆಣ್ಮಕ್ಕಳು ಸಂಘದಿಂದ ಗ್ರಾಮಸಭೆಲಿ ಕೇಳೋರಿದೀವಿ, ಕೆರೆ ಹತ್ರ ಹೊಸ ಬೋರ್ ಬೇಡ, ನೀರು ಇಷ್ಟರ ಕೆಳಗೆ ಹೋದ್ರೆ ದನಕ್ಕೆ ಮಾತ್ರ ಅಂತ ಠರಾವು ಮಾಡ್ರಿ ಅಂತ. ನೀರ್ಗಂಟಿ ಅಣ್ಣ, ಅರ್ಧ ಆದ್ರೆ ರಾಗಿ ಅಂದ್ರಲ್ಲ, ಆ ಅರ್ಧ ಅಂತ ಹೆಂಗ್ ಗುರುತು ಮಾಡ್ತಿದ್ರು? ಕಲ್ಲಿತ್ತಾ?

ಅಡಿಕೆ_ತ್ವಾಟ

ಠರಾವು ಮಾಡ್ರಿ ತಾಯಿ. ರಾಗಿಗೆ ಅಡಿಕಿ ರೇಟು ಕೊಡಸ್ರಿ, ನಾಳೇನ ತ್ವಾಟ ಕಿತ್ತು ರಾಗಿ ಹಾಕ್ತೀನಿ. 2024ರ ಬ್ಯಾಸಿಗಿ ಟ್ಯಾಂಕರ್ ನೀರು ಹೊಡ್ಸಿದ ಸಾಲ ಇನ್ನೂ ತೀರಿಲ್ಲ, ಗಿಡ ಒಣಗಿಸಾಕ ಮನಸು ಬರಂಗಿಲ್ಲ.

ನೀರ್ಗಂಟಿ_ಮೊಮ್ಮಗ

ಕೊಡಪಾನ ಅಕ್ಕ, ತೂಬಿನ ಕಂಬದ ಮೇಲೆ ಗಂಟು ಗಂಟು ಕೆತ್ತಿರ್ತಾರೆ, ಎಷ್ಟನೇ ಗಂಟಿಗೆ ನೀರು ಅಂತ ಲೆಕ್ಕ. ನಿಮ್ಮೂರ ಕೆರೆ ಹಳೇದಾದ್ರೆ ಕಂಬ ಇದ್ದೇ ಇರುತ್ತೆ, ಜಾಲಿ ಒಳಗೆ ಹುಡುಕ್ಬೇಕು. ಹೊಸ ಏರಿ ಮಾಡಿ ಕಿತ್ತಾಕಿದ್ರೆ ಪೇಂಟಲ್ಲಿ ಅಡಿ ಬರೆಸಿ, ಊರೋರು ಬಸ್ಸಿಗೆ ಕಾಯೋ ಕಡೆಗೆ ಕಾಣೋ ಹಂಗೆ. ಗ್ರಾಮಸಭೆ ಯಾವತ್ತು ಅಂತ ಮೆಸೇಜ್ ಹಾಕಿ, ಅವತ್ತು ಬೇರೆ ಕೆಲಸ ಇಟ್ಕೊಳ್ಳಲ್ಲ.

ಅಡಿಕೆ_ತ್ವಾಟ

ನಂಗೂ ಹಾಕ್ರಿ. ಜಗಳ ಮಾಡಾಕ ಬರ್ತೀನಿ.